ಹುಸೇನಬೀಯನ್ನು ಅಳಿಸಿದ ಕಾದಂಬರಿ ಪ್ರೋಗ್ರಾಮಿಗೆ

ಆಳಂದ
ಫೆಬ್ರುವರಿ, ೧೯೯೭

ವಿಠ್ಠಲ ಸರ್ ಅವರ ಕಂಪ್ಯೂಟರ್ ಕ್ಲಾಸಿನಲ್ಲಿ, ಕಿಟಕಿ ಪಕ್ಕದ ಮಷಿನ್ನಿನೊಳಗೆ ವಾಸವಾಗಿದ್ದು, ಕಾದಂಬರಿ ಬರೆಯುವವರ ಅಧ್ಯಾಯ ಮತ್ತು ದೃಶ್ಯಗಳನ್ನು ಜೋಡಿಸಿ ಕೊಡುವ ಪ್ರೋಗ್ರಾಮ್ ಮಹಾಶಯರ ಸನ್ನಿಧಿಗೆ

ಮಾನ್ಯರೇ,

ತಾವು ಕರೆಂಟಿನ ಏರುಪೇರಿಲ್ಲದೆ, ಧೂಳು ತಾಗದೆ, ಸರ್ ಹೊದಿಸುವ ಪ್ಲಾಸ್ಟಿಕ್ ಹೊದಿಕೆಯೊಳಗೆ ಸುಖವಾಗಿದ್ದೀರೆಂದು ನಂಬಿ, ಬಾಗಿಲ ಹೊರಗೆ ಚಪ್ಪಲಿ ಬಿಟ್ಟು, ಕೈ ತೊಳೆದು ಒರೆಸಿಕೊಂಡು ಈ ಪತ್ರ ಬರೆಯುತ್ತಿದ್ದೇನೆ. ತಮ್ಮ ಪೂರ್ಣ ನಾಮಧೇಯ ಹಿಡಿದು ಸಂಬೋಧಿಸದಿದ್ದುದಕ್ಕೆ ಕ್ಷಮೆ ಇರಲಿ. ಫ್ಲಾಪಿಯ ಮೇಲಿನ ಲೇಬಲ್ ಅರ್ಧ ಹರಿದಿದೆ, ಉಳಿದರ್ಧ ಇಂಗ್ಲಿಷಿನಲ್ಲಿದೆ, ನನ್ನ ಇಂಗ್ಲಿಷ್ ಕೂಡ ಹೆಚ್ಚುಕಡಿಮೆ ಅದೇ ಸ್ಥಿತಿಯಲ್ಲಿದೆ. ಪತ್ರವನ್ನು ಕಾಲೇಜಿನ ಗೋಡೆಪತ್ರಿಕೆಗೆ ಅಂಟಿಸುತ್ತಿರುವುದರಲ್ಲಿ ತಮ್ಮನ್ನು ಅವಮಾನಿಸುವ ಉದ್ದೇಶವಿಲ್ಲ. ತಮಗೆ ಕನ್ನಡ ಬಾರದ ಕಾರಣ, ಓದಿದ ಯಾರಾದರೂ ತಮ್ಮ ಮುಂದೆ ಕುಳಿತು ವಿಷಯ ತಿಳಿಸಿಯಾರು ಎಂಬ ಆಸೆ ಅಷ್ಟೆ.

ನಾನು ಬಿ.ಎ. ಮೊದಲ ವರ್ಷದ ವಿದ್ಯಾರ್ಥಿ. ಐದನೇ ಇಯತ್ತೆಯಿಂದ ಹಾಸ್ಟೆಲ್ಲಿನಲ್ಲೇ ಬೆಳೆದವನು. ರಜೆ ಬಂದಾಗಲೆಲ್ಲ ಅಫಜಲಪುರದಲ್ಲಿ ನಮ್ಮ ಆಯಿ, ಅಂದರೆ ತಂದೆಯವರ ತಾಯಿ ಗುರುಬಾಯಿಯವರ ಮನೆಯಲ್ಲಿದ್ದು, ಅಲ್ಲಿ ಕಂಡದ್ದು ಕೇಳಿದ್ದನ್ನೆಲ್ಲ ಕೂಡಿಸಿ ಒಂದು ಕಾದಂಬರಿ ಬರೆಯಲು ಹೊರಟಿದ್ದೇನೆ. ಕಥೆ ಭಾರಿಯೇನಲ್ಲ. ಆಯಿಯ ಮನೆಗೂ, ಜೇವರ್ಗಿಯಲ್ಲಿ ನೆಲೆಸಿರುವ ಆಕೆಯ ಮೈದುನರೊಬ್ಬರ ಖಾಲಿ ಜಾಗಕ್ಕೂ ನಡುವೆ ನಿಂತ ಗೋಡೆ ಯಾರದು ಎಂಬ ಜಗಳ, ಮತ್ತು ಆ ಜಗಳ ನಡೆದಷ್ಟು ವರ್ಷ ಎದುರು ಮನೆಯಿಂದ ದಿನಾ ಬಂದು ಆಯಿಯ ಜೊತೆ ಕೂರುತ್ತಿದ್ದ ಗೆಳತಿ ಹುಸೇನಬೀ. (ಇದು ಆಕೆಯ ನಿಜ ಹೆಸರಲ್ಲ. ಈ ಪತ್ರದಲ್ಲಿ ಆಕೆಯ ಮನೆಯವರ ಹೆಸರನ್ನೆಲ್ಲ ಬದಲಿಸಿದ್ದೇನೆ. ಯಾಕೆಂಬುದು ಮುಂದೆ ತಿಳಿಯುತ್ತದೆ.)

ತಮ್ಮ ಪರಿಚಯವಾಗುವ ಮುಂಚೆ ನನ್ನ ಟಿಪ್ಪಣಿಗಳೆಲ್ಲ ಚೀಟಿಗಳಲ್ಲಿದ್ದವು. ಒಂದು ದೃಶ್ಯಕ್ಕೆ ಒಂದು ಚೀಟಿಯಂತೆ ಬರೆದು, ಮೆಸ್ಸಿನ ಅನ್ನದ ಅಗುಳಿನಿಂದ ರೂಮಿನ ಗೋಡೆಗೆ ಅಂಟಿಸಿದ್ದೆ. ಫ್ಯಾನ್ ಹಾಕಿದರೆ ಅಧ್ಯಾಯಗಳು ಹಾರುತ್ತಿದ್ದವು. "ಏ ದೌಲ್ಯಾ, ನಿಮ್ಮ ಜೇವರ್ಗಿ ಮುತ್ಯಾ ಹಾರಿ ಬಂದು ನನ್ನ ಪಲ್ಯಾದಾಗ ಬಿದ್ದಾನ ನೋಡಲೇ, ಎತಗೊಂಡು ಹೋಗು" ಎಂದು ರೂಮ್‌ಮೇಟ್ ಭೀಮಶಾ ಮೈದುನರ ಚೀಟಿ ಹಿಡಿದು ಕೂಗಿದ ದಿನವೇ ನಾನು ವಿಠ್ಠಲ ಸರ್ ಬಳಿ ಹೋದೆ. ಸರ್ ತಮ್ಮನ್ನು ತೋರಿಸಿ, "ತಮ್ಮಾ, ಇದು ಕಾದಂಬರಿ ಬರೆಯೋರ ಸಲುವಾಗೇ ಮಾಡಿದ ಪ್ರೋಗ್ರಾಮ್ ಅದ. ನೀ ಬರೇ ತುಂಬು, ಚಾಪ್ಟರ್ ಎಲ್ಲಿ ಕೂಡಬೇಕು, ಸೀನ್ ಎಲ್ಲಿ ನಿಂದರಬೇಕು, ಎಲ್ಲಾ ಅದೇ ಹಚ್ಚಿ ಇಡ್ತದ" ಎಂದರು. ವಾರವಿಡೀ ಒಂದೊಂದೇ ಬೆರಳಿನಿಂದ, ನನಗೆ ಬಂದಷ್ಟು ಇಂಗ್ಲಿಷಿನಲ್ಲಿ ಎಲ್ಲ ಟಿಪ್ಪಣಿಗಳನ್ನೂ ತಮ್ಮ ಹೊಟ್ಟೆಗೆ ಹಾಕಿದೆ. ಇನ್ನೇಕೆ ಕಾಗದ ಎಂದು ಚೀಟಿಗಳನ್ನು ಹಾಸ್ಟೆಲ್ಲಿನ ನೀರೊಲೆಗೆ ಕೊಟ್ಟೆ. ಆ ದಿನ ಸ್ನಾನದ ನೀರು ಬಹಳ ಚೆನ್ನಾಗಿ ಕಾದಿತ್ತು.

ತಮ್ಮ ಶಿಸ್ತನ್ನು ಹೊಗಳಲು ನನ್ನಲ್ಲಿ ಪದಗಳಿಲ್ಲ. ನಮ್ಮ ವಾರ್ಡನ್ ಸಾಹೇಬರ ನಂತರ ಇಷ್ಟು ಚೊಕ್ಕಟವಾಗಿ ಜನರನ್ನು ಸಾಲಿನಲ್ಲಿ ನಿಲ್ಲಿಸುವವರನ್ನು ನಾನು ಕಂಡಿರಲಿಲ್ಲ. ಪ್ರತಿ ದೃಶ್ಯಕ್ಕೂ ತಾವು ಸ್ಥಳ ಕೇಳುತ್ತೀರಿ, ಪಾತ್ರಗಳನ್ನು ಕೇಳುತ್ತೀರಿ. ಮೈದುನರು ಕೂತ ಬಸ್ಸು ಜೇವರ್ಗಿ ಬಿಟ್ಟಿತ್ತು, ಅಫಜಲಪುರ ಮುಟ್ಟಿರಲಿಲ್ಲ, ಅದನ್ನು ಯಾವ ಊರಿನ ಲೆಕ್ಕಕ್ಕೆ ಬರೆಯಲಿ ಎಂದು ನಾನು ಒದ್ದಾಡುತ್ತಿದ್ದಾಗಲೂ ಗದರದೆ, ಹಸಿರು ಗೀಟು ಮಿಟುಕಿಸುತ್ತಾ ಶಾಂತರಾಗಿ ಕಾದಿರಿ. ಅಲ್ಲಿಯವರೆಗೆ ನನ್ನ ತಕರಾರೇನೂ ಇಲ್ಲ. ತಕರಾರಿರುವುದು ಆಮೇಲೆ ತಾವು ಕೇಳಿದ ಪ್ರಶ್ನೆಯ ಬಗ್ಗೆ. ಈ ದೃಶ್ಯದ ಉದ್ದೇಶವೇನು? ಒಂದು ಒತ್ತಿದರೆ ಜಗಳ, ಎರಡು ಒತ್ತಿದರೆ ನಿರ್ಧಾರ, ಮೂರಕ್ಕೆ ರಹಸ್ಯ ಬಯಲು, ನಾಲ್ಕಕ್ಕೆ ಪಲಾಯನ, ಯಾವುದೂ ಇಲ್ಲದಿದ್ದರೆ ಸೊನ್ನೆ.

ಮಾನ್ಯರೇ, ತಾವು ಹುಟ್ಟಿದ ದೇಶದಲ್ಲಿ ಜನ ಬಾಗಿಲು ತೆರೆದ ಕೂಡಲೇ ಬಂದ ಕಾರಣ ಹೇಳುತ್ತಾರೋ ಏನೋ, ನನಗೆ ತಿಳಿಯದು. ನಮ್ಮ ಕಡೆ ಹಾಗೆ ಹೇಳಿದರೆ ಮೈಮೇಲೆ ಜ್ವರ ಇದೆಯೇ ಎಂದು ಮುಟ್ಟಿ ನೋಡುತ್ತಾರೆ. ಬಂದವರು ಮೊದಲು ನೀರು ಕುಡಿಯಬೇಕು, ತೊಗರಿಯ ರಾಶಿ ಆಯಿತೇ ಎಂದು ಕೇಳಬೇಕು, ಚಹಾ ಬೇಡ ಬೇಡ ಎನ್ನುತ್ತಲೇ ಬಶಿಗೆ ಸುರಿದುಕೊಂಡು ಕುಡಿಯಬೇಕು, "ಯಾಕ ಬಂದಿದ್ರಿ?" ಎಂದು ಕೇಳಿದರೆ "ಏನಿಲ್ರಿ, ಸುಮ್ನ ಬಂದಿದ್ದೆ" ಎನ್ನಬೇಕು, ಎದ್ದು ಚಪ್ಪಲಿ ಮೆಟ್ಟಿಕೊಂಡು ಹೊಸ್ತಿಲು ದಾಟಿ, ಅರ್ಧ ಬೆನ್ನು ತಿರುಗಿಸಿ, ಆಗ ಬಂದ ಕೆಲಸ ಹೇಳಬೇಕು. ಗೋಡೆಯ ಜಗಳ ಕೂಡ ಹೀಗೇ ಶುರುವಾದದ್ದು. ಮೈದುನರು ಎರಡು ಕಪ್ ಚಹಾ ಕುಡಿದು, ಛತ್ರಿ ಬಗಲಲ್ಲಿ ಇಟ್ಟುಕೊಂಡು, ಅಂಗಳದಿಂದ ತಿರುಗಿ "ಅಂದಂಗ ವೈನಿ, ಆ ಗೋಡಿ ನಂದ್ರಿ" ಅಂದಿದ್ದರಂತೆ. ಇನ್ನು ಹುಸೇನಬೀ ಹೊಸ್ತಿಲಲ್ಲೂ ಏನೂ ಹೇಳುತ್ತಿರಲಿಲ್ಲ. ಆಕೆಗೆ ಹೇಳುವುದೆಲ್ಲ ಚಹಾದ ಜೊತೆಯಲ್ಲೇ ಮುಗಿದಿರುತ್ತಿತ್ತು. ಆಕೆ ಬರುವ ದೃಶ್ಯಗಳ ಉದ್ದೇಶ ಜಗಳವೋ ನಿರ್ಧಾರವೋ ಪಲಾಯನವೋ ಎಂದು ಬಹಳ ಹೊತ್ತು ಯೋಚಿಸಿ, ಸುಳ್ಳು ಹೇಳಬಾರದೆಂದು ಎಲ್ಲದಕ್ಕೂ, ಮೈದುನರು ಚಹಾ ಕುಡಿದ ದೃಶ್ಯಗಳಿಗೂ, ಸೊನ್ನೆ ಒತ್ತಿದೆ.

ಆಗ ತಾವು ಆ ದೃಶ್ಯಗಳನ್ನು ಯಾವ ಅಧ್ಯಾಯಕ್ಕೂ ಸೇರಿಸದೆ ಬೇರೆ ಕೂಡಿಸಿದಿರಿ. ಆಮೇಲೆ ಪರದೆಯ ಕೆಳಗೆ ಒಂದು ಇಂಗ್ಲಿಷ್ ವಾಕ್ಯ ಮೂಡಿತು: ಬಳಕೆಯಾಗದ ದೃಶ್ಯಗಳನ್ನೆಲ್ಲ ತೆಗೆದುಬಿಡಲೇ? ಹೌದಾದರೆ ವೈ, ಇಲ್ಲವಾದರೆ ಎನ್. ಅರ್ಥ ನನಗೆ ಚೆನ್ನಾಗಿಯೇ ಆಗಿತ್ತು, ಅದನ್ನು ಮುಚ್ಚಿಡುವುದಿಲ್ಲ. ಆದರೆ ನಮ್ಮ ಹಾಸ್ಟೆಲ್ಲಿನಲ್ಲಿ ಇಂಗ್ಲಿಷಿನಲ್ಲಿ ಪ್ರಶ್ನೆ ಬಂದರೆ ಎದ್ದು ನಿಂತು "ಎಸ್ ಸರ್" ಅನ್ನುವುದು ರೂಢಿ. ಹಾಲಿನಲ್ಲಿ ನೀರು ಇದೆಯೇ ಎಂದು ಇನ್ಸ್‌ಪೆಕ್ಷನ್ನಿಗೆ ಬಂದವರು ಕೇಳಿದರೂ ಎಸ್, ಇಲ್ಲ ತಾನೇ ಎಂದು ಕೇಳಿದರೂ ಎಸ್. ಬೆರಳು ತಾನಾಗಿ ವೈ ಒತ್ತಿತು, ಕಾಲುಗಳೂ ಅರ್ಧ ಎದ್ದು ನಿಂತಿದ್ದವು. ತಾವು ಒಮ್ಮೆ ಕರ್ರೆಂದಿರಿ. ಹುಸೇನಬೀ ಹೋದಳು.

"ಬ್ಯಾಕಪ್ ತಗೊಂಡಿಲ್ಲಂದ್ರ ನಾ ಎಲ್ಲಿಂದ ತಂದು ಕೊಡ್ಲೋ ತಮ್ಮಾ?" ಎಂದರು ಸರ್. ಅಂದು ಶನಿವಾರ. ಮರುದಿನ ಆಯಿಯ ಮನೆಯಲ್ಲಿ ಮೊದಲ ಅಧ್ಯಾಯಗಳನ್ನು ಓದಿ ತೋರಿಸುವುದಾಗಿ ಮಾತು ಕೊಟ್ಟಿದ್ದೆ. ಆ ಸುದ್ದಿ ಮುಟ್ಟಿದಾಗಿನಿಂದ ಹುಸೇನಬೀ ಹಿಟ್ಟಿನ ಗಿರಣಿಯಲ್ಲಿ, ಬಳೆ ಅಂಗಡಿಯಲ್ಲಿ, ಕಾಯಿಪಲ್ಲೆಯವರ ಮುಂದೆ "ನಾ ಪುಸ್ತಕದಾಗ ಬರ್ಲಿಕತ್ತೀನಿ" ಎಂದು ಹೇಳಿಕೊಂಡು ಬಂದಿದ್ದಳು. ಈಗ ಆ ಮುದುಕಿಯ ಎದುರು ಕುಳಿತು, ಆಕೆಯೇ ಇಲ್ಲದ ಪುಸ್ತಕ ಓದಬೇಕಾಗಿತ್ತು. ಬಸ್ಸಿನಲ್ಲಿ ದಾರಿಯ ಗುಡಿಗಳಿಗೆಲ್ಲ ಕೈ ಮುಗಿಯುತ್ತಾ ಹೋದೆ.

ತಾವು ಅಚ್ಚು ಹಾಕಿ ಕೊಟ್ಟ ಇಂಗ್ಲಿಷ್ ಹಾಳೆಗಳನ್ನು ಕನ್ನಡ ಮಾಡಿಕೊಳ್ಳುತ್ತಾ ಓದಿದೆ. ತಾವು ಉಳಿಸಿಕೊಟ್ಟ ಕಾದಂಬರಿಯಾದರೂ ಎಂಥದ್ದು! ಹೊಸ್ತಿಲಿಗೆ ಮುಂಚಿನದೆಲ್ಲ ಹೋಗಿ, ಮೈದುನರು ಜೇವರ್ಗಿ ಬಸ್ಸಿನಿಂದ ಇಳಿಯುತ್ತಾರೆ, ಗೋಡೆ ನನ್ನದೆನ್ನುತ್ತಾರೆ, ಬಸ್ಸು ಹತ್ತುತ್ತಾರೆ. ಆಯಿ ಬಾಗಿಲಲ್ಲೇ ನಿಂತು ಉತ್ತರಿಸುತ್ತಾಳೆ. ಇಡೀ ಪುಸ್ತಕದಲ್ಲಿ ಯಾರೂ ಯಾರಿಗೂ ಕೂತುಕೋ ಅನ್ನುವುದಿಲ್ಲ. ಎರಡನೇ ಅಧ್ಯಾಯದ ಹೊತ್ತಿಗೆ ಆಯಿ ತಡೆದು, "ಯಾಕೋ ದೌಲು, ನಮ್ಮ ಮನ್ಯಾಗ ಸಕ್ರಿ ತೀರಿತ್ತೇನೋ ಆಗ? ಮೈದನಗ ನಾ ಹಂಗ ಬಾಗಲದಾಗ ನಿಂದ್ರಿಸೇನೇನು?" ಎಂದು ಕೇಳಿದಳು. ಹುಸೇನಬೀ ಗಂಜಿ ಹಾಕಿದ ಸೀರೆಯುಟ್ಟು, ಸೆರಗು ಸರಿಮಾಡಿಕೊಳ್ಳುತ್ತಾ, ಕಂಡಕ್ಟರನನ್ನು ಕೇಳುವಂತೆ "ನನ್ನ ಸ್ಟಾಪ್ ಬಂತೇನೋ ಬೇಟಾ?" ಎನ್ನುತ್ತಿದ್ದಳು. "ಬರ್ತದ್ರಿ, ಮುಂದಿಂದೇ" ಎನ್ನುತ್ತಾ ನಾನು ಹಾಳೆ ತಿರುವುತ್ತಿದ್ದೆ.

ಹಾಳೆಗಳು ಮುಗಿದವು. ಕಡೆಯದರ ಬೆನ್ನು ಖಾಲಿ ಇತ್ತು. ಅದನ್ನೇ ಮುಖಕ್ಕೆ ಹಿಡಿದು, ಬರೆದದ್ದಿದೆಯೆಂಬಂತೆ ಬಾಯಿಗೆ ಬಂದದ್ದನ್ನು ಓದತೊಡಗಿದೆ. ಹುಸೇನಬೀ ಬಂದಳು, ಚೀಲ ಇಟ್ಟಳು, ಕಾಲು ಚಾಚಿ ಕೂತಳು, ತನ್ನ ಸೊಸೆಯ ಬಗ್ಗೆ ಹೀಗೆ ಹೀಗೆ ಅಂದಳು. ಆಕೆ ಅಂದಿದ್ದನ್ನೆಲ್ಲ ರಜೆಯಲ್ಲಿ ಪಡಸಾಲೆಯ ಮೂಲೆಯಲ್ಲಿ ಕೂತು ಕೇಳಿದವನು ನಾನು. ಒಂದಕ್ಷರ ಬಿಡದೆ, ಆಕೆಯ ಧಾಟಿಯಲ್ಲೇ ಓದಿದೆ. ಆಯಿ ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ಹುಸೇನಬೀ ಒಮ್ಮೆ ನಕ್ಕು, ಆಮೇಲೆ ನಗಲಿಲ್ಲ. ಬಶಿಯ ಚಹಾ ಊದಿ ಊದಿ ಕುಡಿದಳು, ಚೊಲೋ ಬರೆದಿ ಎಂದಳು, ಎದ್ದಳು. ಚಪ್ಪಲಿ ಮೆಟ್ಟಿಕೊಂಡು ಹೊಸ್ತಿಲಾಚೆ ನಿಂತು ತಿರುಗಿದಳು.

"ಬೇಟಾ, ಒಂದ್ ಮಾತ್. ನಾ ಬೈದದ್ದೆಲ್ಲಾ ಆವತ್ತಿನ ಚಾದ ಜೋಡಿ ಮುಗದ್ ಹೋಗ್ಯದ. ನೀ ಬರದಿಟ್ರ ಉಳೀತದ. ಸೊಸಿಗಿ ಓದಾಕ ಬರ್ತದ. ಈಗ ನಾವಿಬ್ಬರೂ ಚೊಲೋ ಇದ್ದೇವಿ. ನನ್ನ ಇಡು, ಆ ಮಾತ್ ತೆಗಿ."

"ಮಾತು ತಗದ್ರ ನಿಂದು ಏನ್ ಉಳೀತದ ಬೇ? ಬರೇ ಬಶಿ ಉಳೀತದ" ಎಂದು ಆಯಿ ಒಳಗಿನಿಂದಲೇ ಛೇಡಿಸಿದಳು.

"ಬಶೀನೇ ಉಳೀಲಿ" ಎಂದು ಹುಸೇನಬೀ ಓಣಿ ದಾಟಿ ಹೋದಳು.

ಮಾನ್ಯರೇ, ಕಂಡವರೆಲ್ಲ ಈಗ ನನಗೆ, ಹಾಗಾದರೆ ಪ್ರೋಗ್ರಾಮ್ ಮಾಡಿದ್ದೇ ಸರಿಯಲ್ಲವೇ, ಆಕೆಗೆ ಬೇಡವಾದದ್ದನ್ನೇ ಅದು ತೆಗೆದಿತ್ತಲ್ಲವೇ ಎನ್ನುತ್ತಿದ್ದಾರೆ. ಈ ಕೀರ್ತಿಯನ್ನು ತಾವು ದಯವಿಟ್ಟು ಸ್ವೀಕರಿಸಬೇಡಿ. ತಾವು ಮಾತನ್ನೂ ತೆಗೆದಿರಿ, ಆಕೆಯನ್ನೂ ತೆಗೆದಿರಿ, ಚೀಲ ಬಶಿ ಸಮೇತ ಹೊತ್ತೊಯ್ದಿರಿ. ಮಾತು ತೆಗೆದು ಮನುಷ್ಯಳನ್ನು ಉಳಿಸುವ ಕೆಲಸ ಇವತ್ತಿಗೂ ನನ್ನ ತಲೆಯ ಮೇಲೆಯೇ ಇದೆ, ಮತ್ತು ಅದಕ್ಕೆ ತಮ್ಮಲ್ಲಿ ಯಾವ ಗುಂಡಿಯೂ ಇಲ್ಲ. ಆದಕಾರಣ ಸವಿನಯವಾಗಿ ಕೇಳಿಕೊಳ್ಳುವುದೇನೆಂದರೆ, ಉದ್ದೇಶಗಳ ಪಟ್ಟಿಯಲ್ಲಿ ಪಲಾಯನದ ಕೆಳಗೆ "ಸುಮ್ನ" ಎಂದೊಂದು ಸೇರಿಸಬೇಕು. ಹೊಸ್ತಿಲಿಗೆಂದು ಬೇರೆ ಕೋಣೆ ಕೊಡಬೇಕು. ದೃಶ್ಯದಲ್ಲಿ ಯಾರಾದರೂ ಬಂದೊಡನೆ ಕೆಲಸ ಹೇಳಿದರೆ ತಾವು ಕೂಗಿ ಎಚ್ಚರಿಸಬೇಕು. ಮತ್ತು ಪಾತ್ರವೊಂದು, ನಾನು ಅಂದದ್ದು ನನ್ನೆದುರಿಗೇ ಮುಗಿಯಲಿ ಎಂದು ಬೇಡಿಕೊಂಡರೆ, ಆ ಮಾತನ್ನು ಲೇಖಕನಿಗೂ ಮತ್ತೆ ತೋರಿಸದಂತೆ ನುಂಗಿಬಿಡುವ ಏರ್ಪಾಡಾಗಬೇಕು. ಇವು ಆಗದ ಮಾತೆಂದು ಸರ್ ಹೇಳುತ್ತಾರೆ. ಒಂದು ವಾಕ್ಯ ಕೇಳಿ ಒಬ್ಬ ಮನುಷ್ಯಳನ್ನು ಕಾಣೆಯಾಗಿಸುವವರಿಗೆ ಇವೆಲ್ಲ ಏನು ಮಹಾ ಎಂಬುದು ನನ್ನ ಅಂಬೋಣ.

ದೃಶ್ಯವನ್ನು ಮತ್ತೆ ಬರೆದಿದ್ದೇನೆ, ಪೆನ್ನಿನಿಂದ. ಹುಸೇನಬೀ ಬರುತ್ತಾಳೆ, ಕೂರುತ್ತಾಳೆ, ಕುಡಿಯುತ್ತಾಳೆ, ಹೋಗುತ್ತಾಳೆ. ಅಫಜಲಪುರದಿಂದ ಹೊರಡುವ ದಿನ ಬಸ್‌ಸ್ಟ್ಯಾಂಡಿನಲ್ಲಿ ಆಕೆಯ ಸೊಸೆ ಮೆಹರಾಜಬೇಗಂ ಸಿಕ್ಕಳು. ಕೈಚೀಲ ನನ್ನ ಪಕ್ಕದ ಕಟ್ಟೆಗಿಟ್ಟು, "ಏನ್ರಿ ಸಾಹಿತಿಗಳೇ, ನಮ್ಮ ಅತ್ತಿ ನಿಮ್ಮ ಪುಸ್ತಕದಾಗ ನನ್ನ ಬಗ್ಗೆ ಏನೇನ್ ಅಂದಾಳ್ರಿ?" ಎಂದಳು. ನಾನು ಆಕೆಯ ಮುಖ ನೋಡಿಯೇ, "ಏನೂ ಅಂದಿಲ್ರಿ ಅಕ್ಕಾ. ಬಂದಾಳ, ಚಾ ಕುಡದಾಳ, ಹೋಗ್ಯಾಳ" ಎಂದೆ.

ಮೆಹರಾಜಬೇಗಂ ಚೀಲ ಎತ್ತಿಕೊಂಡು, "ಅಷ್ಟ ಬರ್ಯಾಕ ಪುಸ್ತಕ ಯಾಕ ಬೇಕಾಗಿತ್ರಿ?" ಎಂದು ನಕ್ಕು, ನಿಂಬರ್ಗಾ ಬಸ್ಸು ಹತ್ತಿದಳು.

ಈ ಪ್ರಶ್ನೆಗೆ ತಮ್ಮ ಬಳಿ ನಂಬರು ಇದ್ದರೆ ತಿಳಿಸುವ ಕೃಪೆ ಮಾಡಬೇಕು.

ತಮ್ಮ ವಿಶ್ವಾಸಿ, ಮತ್ತು ತಮ್ಮೆದುರು ಇನ್ನು ಮೇಲೆ ಕೂತೇ ಉತ್ತರಿಸಲು ಪ್ರಯತ್ನಿಸುವ,
ದೌಲತರಾಯ
ಬಿ.ಎ. ಮೊದಲ ವರ್ಷ

ವಿ.ಸೂ.: ತಮ್ಮನ್ನು ಬಿಟ್ಟು ಹೊರಬರುವಾಗ ತಾವು "ನಿಜವಾಗಿಯೂ ಹೋಗಬೇಕೇ?" ಎಂದು ಕೇಳಿ, ಹೌದೆಂದ ಮೇಲೂ ಇನ್ನೊಮ್ಮೆ ಕೇಳುತ್ತೀರಿ. ನಮ್ಮ ಕಡೆಯವರ ಲಕ್ಷಣ ತಮ್ಮಲ್ಲಿ ನನಗೆ ಕಂಡದ್ದು ಇದೊಂದೇ. ಆದರೆ ನಮ್ಮ ಕಡೆ ಹಾಗೆ ಕೇಳುವವರು, ಬಂದಾಗ ಒಂದು ತಂಬಿಗೆ ನೀರಾದರೂ ಕೊಟ್ಟಿರುತ್ತಾರೆ.