ಸೊಣ್ಣಮ್ಮನ ಗುಂಡು

ನಾಣಿಗೆ ಈ ಲೋಕದಲ್ಲಿ ಬೇಕಾಗಿದ್ದದ್ದು ನಿದ್ದೆ, ಅಷ್ಟೇ. ಪೀಣ್ಯದ ಕಾರ್ಖಾನೆಯಲ್ಲಿ ವರ್ಷಗಟ್ಟಲೆ ನೈಟ್ ಶಿಫ್ಟ್ ಮಾಡಿ ಮಾಡಿ ಮುಖ ಹಿಂಡಿದ ನಿಂಬೆಹಣ್ಣಾಗಿತ್ತು. ಹಗಲು ಮಲಗೋಣವೆಂದರೆ ದಾಸರಹಳ್ಳಿಯ ವಠಾರ ಬಿಡಬೇಕಲ್ಲ.

ಏಷ್ಯಾಡ್ ನಡೆದ ವರ್ಷ ಮ್ಯಾನೇಜರ್ ಗೋಪಾಲಪ್ಪನವರು ಅವನಿಗೆ ಆಸೆ ಹುಟ್ಟಿಸಿದರು. "ಚಿಕ್ಕಂದಿನಲ್ಲಿ ಸರ್ಕಸ್‌ನಲ್ಲಿ ನೋಡಿದ್ದೆ ಕಣ್ರೀ, ಒಬ್ಬ ಹೆಂಗಸು ಎದೆ ಮೇಲೆ ಆನೆ ಹತ್ತಿಸ್ಕೊಂಡ್ಳು. ನಮ್ಮ ವಾರ್ಷಿಕೋತ್ಸವಕ್ಕೆ ಅಂಥೋರನ್ನ ಕರ್ಕೊಂಬನ್ನಿ. ಮಾರನೇ ದಿನದಿಂದ್ಲೇ ನಿಮಗೆ ಜನರಲ್ ಶಿಫ್ಟ್."

ಎಲ್ಲೆಲ್ಲೋ ಹುಡುಕಿ ಸುಸ್ತಾದ. ವಾರ್ಷಿಕೋತ್ಸವದ ಬೆಳಿಗ್ಗೆ ವಠಾರದ ಬಾಗಿಲಲ್ಲೇ ಸಿಕ್ಕಳು ಸೊಪ್ಪು ಮಾರುವ ಮಾಕಳಿ ಹಳ್ಳಿಯ ಸೊಣ್ಣಮ್ಮ. ಅವರ ಮನೆ ಹೆಂಗಸರು ಗುಂಡುಕಲ್ಲು ಎತ್ತುವುದಕ್ಕೆ ಹೆಸರುವಾಸಿ.

"ನಮ್ಮಜ್ಜಿ ಎತ್ತವ್ಳೆ, ನಮ್ಮವ್ವ ಎತ್ತವ್ಳೆ. ನಂಗೇನ್ ಬಾರ ಸಾಮಿ?"

"ಹಾಗಾದ್ರೆ ಸಾಯಂಕಾಲ ಬಾಮ್ಮ, ಗುಂಡು ಎತ್ತಿಬಿಡೋಣ" ಎಂದ ನಾಣಿ.

ಪಕ್ಕದ ಮನೆ ಈಶ್ವರಮ್ಮನ ಕಿವಿಗೆ ಬಿದ್ದದ್ದು ಈ ಕೊನೆಯ ಮಾತು ಮಾತ್ರ. ಆಕೆಗೆ ಗೊತ್ತಿದ್ದದ್ದು ಗ್ಲಾಸಿನಲ್ಲಿ ಬರುವ ಗುಂಡು.

ನಾಣಿ ದಿಂಬಿಗೆ ತಲೆ ಇಡುವಷ್ಟರಲ್ಲಿ ಹೆಂಡತಿ ಸೀತಾಲಕ್ಷ್ಮಿ ಟ್ರಂಕು ತುಂಬುತ್ತಿದ್ದಳು. "ಸೊಪ್ಪಿನವಳ ಜೊತೆ ಗುಂಡು ಹಾಕೋ ಗಂಡನ ಹತ್ರ ನಾನಿರಲ್ಲ."

"ಕಲ್ಲು ಕಣೇ" ಎಂದ. ಆಕಳಿಕೆಯಲ್ಲಿ ನಾಲಗೆ ಹೊರಳಿ ಅದು "ಕಳ್ಳು" ಆಯಿತು.

"ಥೂ, ಬ್ರಾಂದಿಯಾದ್ರೂ ಅಲ್ವಲ್ರೀ" ಎಂದು ಅತ್ತಳು.

ವಠಾರಕ್ಕೆ ವಠಾರವೇ ಬಂದು ಬುದ್ಧಿ ಹೇಳಿತು. ರಿಟೈರ್ಡ್ ಮೇಷ್ಟ್ರು ವೆಂಕಟಸುಬ್ಬಯ್ಯನವರು ಬಾಯಿ ಮೂಸಿ, "ವಾಸನೆಯೇ ಇಲ್ಲ. ಪಳಗಿದ ಕೈ" ಎಂದರು. ಪಾಪ, ನಾಣಿಗೆ ಅಳುವುದಕ್ಕೂ ತ್ರಾಣವಿರಲಿಲ್ಲ. "ಸಾಯಂಕಾಲ ನೀವೇ ಬಂದು ನೋಡಿ" ಎಂದು ಕೈಮುಗಿದ.

ಬಂದರು. ಸೊಣ್ಣಮ್ಮ ಸೆರಗು ಸಿಕ್ಕಿಸಿ, ಅಂಗೈಗೆ ಮಣ್ಣು ಉಜ್ಜಿ, ಹಳ್ಳಿಯಿಂದ ತರಿಸಿದ್ದ ಗುಂಡುಕಲ್ಲನ್ನು ಮೊಣಕಾಲಿಗೆ, ಎದೆಗೆ, ಹೆಗಲಿಗೆ ತಂದು ಹಿಂದಕ್ಕೆ ಎಸೆದಳು. ಗೋಪಾಲಪ್ಪನವರು ಎದ್ದು ನಿಂತು ಚಪ್ಪಾಳೆ ತಟ್ಟಿ, ಅಲ್ಲೇ ಜನರಲ್ ಶಿಫ್ಟ್ ಕೊಟ್ಟರು. ಸೀತಾಲಕ್ಷ್ಮಿ ಮಾತ್ರ ಕಲ್ಲನ್ನೇ ನೋಡುತ್ತಿದ್ದಳು. ಅದನ್ನು ಮಾಕಳಿಗೆ ಸಾಗಿಸುವ ಮಾತು ಬಂದಾಗ, "ನಮ್ಮ ವಠಾರದಲ್ಲೇ ಇರಲಿ ಬಿಡಿ" ಎಂದಳು.

ಆ ರಾತ್ರಿ ನಾಣಿ ಹೊದ್ದು ಮಲಗಿದ. ಬೆಳಗಿನ ಜಾವದ ನಲ್ಲಿ ನೀರು ಕೂಡ ಇನ್ನೂ ಬಂದಿರಲಿಲ್ಲ, ಕಿಟಕಿಯ ಕೆಳಗೆ 'ಧಡ್' ಎಂದಿತು. ಬಗ್ಗಿ ನೋಡಿದರೆ ವಠಾರದ ಹೆಂಗಸರೆಲ್ಲ ಸೊಣ್ಣಮ್ಮನ ಮುಂದೆ ಸೆರಗು ಬಿಗಿದು ನಿಂತಿದ್ದಾರೆ.

"ಮೊಣಕಾಲಿಗೆ ಬಂತು ಕಣ್ರೀ" ಎಂದಳು ಸೀತಾಲಕ್ಷ್ಮಿ. "ದಿನಾ ಹೀಗೆ ಮಾಡಿದ್ರೆ ಹೆಗಲಿಗೂ ಬರತ್ತಂತೆ. ನೀವು ಮಲ್ಕೊಳ್ಳಿ." ಮತ್ತೆ ಧಡ್.

ಬೆಳಿಗ್ಗೆ ನಾಣಿ ತೂರಾಡುತ್ತ ಗೋಪಾಲಪ್ಪನವರ ಮುಂದೆ ನಿಂತ. "ನನ್ನ ನೈಟ್ ಶಿಫ್ಟ್ ನನಗೇ ಕೊಟ್ಬಿಡಿ ಸಾರ್."

ಗೋಪಾಲಪ್ಪನವರು ಅವನ ಕೆಂಡದಂಥ ಕಣ್ಣು ನೋಡಿದರು. "ಏನ್ರೀ ಇದು, ಬೆಳಗ್ಗೆ ಬೆಳಗ್ಗೆನೇ ಗುಂಡಾ?"

"ಹೌದು ಸಾರ್" ಎಂದ ನಾಣಿ. "ಎತ್ತೋಳು ನನ್ನ ಹೆಂಡ್ತಿ."