ಡಾರ್ಸೆಟ್ ಬಯಲಿನ ಹಲ್ಲಿ ದಿಗ್ವಿಜಯ

ಯಾವ ವಾಗ್ದೇವಿಯು ಟ್ಯೂಬ್‌ಲೈಟಿನ ಪಕ್ಕದಲ್ಲಿ ಹುಳುವಿಗಾಗಿ ಕಾದು ಕುಳಿತ ಹಲ್ಲಿಗೂ ತಪಸ್ವಿಯ ತಾಳ್ಮೆಯನ್ನು ಕರುಣಿಸಿದಳೋ, ಆ ಮಹಾತಾಯಿ ಈ ಬಡ ಕಥೆಗಾರನ ನಾಲಗೆಯ ಮೇಲೂ ಒಂದಿಷ್ಟು ಹೊತ್ತು ಬಂದು ಕೂರಲಿ. ಇದು ಕೃತಯುಗದ ಕಥೆಯಲ್ಲ, ತ್ರೇತೆಯದಲ್ಲ, ದ್ವಾಪರದ್ದಂತೂ ಅಲ್ಲವೇ ಅಲ್ಲ. ಸಾಕ್ಷಾತ್ ಕಲಿಯುಗದಲ್ಲಿ, ಜಂಬೂದ್ವೀಪಕ್ಕೆ ಬಹುದೂರವಾದ ಆಂಗ್ಲದ್ವೀಪದ ದಕ್ಷಿಣದಂಚಿನ ಡಾರ್ಸೆಟ್ ಎಂಬ ಸೀಮೆಯಲ್ಲಿ, ಮೋಡಗಳೆಲ್ಲ ತಮ್ಮತಮ್ಮಲ್ಲೇ ಮಾತಾಡಿಕೊಂಡು ಸೂರ್ಯನಾರಾಯಣನಿಗೆ ಒಂದು ಬೆಳಗಿನ ಮಟ್ಟಿಗೆ ಮುಖ ತೋರಿಸಲು ಅಪ್ಪಣೆ ಕೊಟ್ಟ ವಸಂತಋತುವಿನ ಭಾನುವಾರದಂದು ನಡೆದ ಮಹಾಸಾಹಸ ಇದು.

ಆ ಸೀಮೆಯ ಸಣ್ಣ ಊರೊಂದರಲ್ಲಿ ಔಷಧದಂಗಡಿ ನಡೆಸುತ್ತಿದ್ದ, ಗುಳಿಗೆಗಣನಾಧುರಂಧರನೂ ಕೆಮ್ಮುನೆಗಡಿನಿವಾರಣಕೋವಿದನೂ ದುರ್ಬೀನುಕಂಠಾಭರಣನೂ ಆದ ನಂಜನಗೂಡಿನ ಶ್ರೀಕಂಠಯ್ಯನೇ ಈ ಕಥೆಯ ನಾಯಕ. ಲೋಕದ ಗಂಡಸರು ಭಾನುವಾರ ಬಂದರೆ ಕಾರು ತೊಳೆಯುತ್ತಾರೆ, ಹುಲ್ಲು ಕತ್ತರಿಸುತ್ತಾರೆ, ಸೋಫಾದ ಮೇಲೆ ಕಾಲು ಚಾಚಿ ಕ್ರಿಕೆಟ್ ನೋಡುತ್ತಾರೆ. ನಮ್ಮ ನಾಯಕನು ಊರಾಚೆಯ ಮರಳುನೆಲದ ಕುರುಚಲು ಬಯಲಿಗೆ ಹೋಗಿ ಹಲ್ಲಿ, ಹಾವುಗಳನ್ನು ಹುಡುಕುತ್ತಾನೆ. ಹಿಡಿಯಲಿಕ್ಕಲ್ಲ, ಬರೀ ನೋಡಲಿಕ್ಕೆ.

ಆ ದ್ವೀಪದ ದಾರಿದ್ರ್ಯವನ್ನು ಏನೆಂದು ಹೇಳಲಿ! ನಂಜನಗೂಡಿನ ಒಂದು ಬಚ್ಚಲುಮನೆಯಲ್ಲಿ ಕಾಣುವ ಸರೀಸೃಪ ಸಂಪತ್ತು ಅಲ್ಲಿಯ ಒಂದು ಜಿಲ್ಲೆಗೂ ಇಲ್ಲ. ನೆಲದ ಮೇಲೆ ಓಡಾಡುವ ಮೂಲನಿವಾಸಿಗಳು ಎಂದರೆ ಆರೇ ಆರು ಜಾತಿ. ಐದನ್ನು ಶ್ರೀಕಂಠಯ್ಯ ಕಣ್ಣಾರೆ ಕಂಡಿದ್ದ. ಆರನೆಯದಾದ ಮರಳುಹಲ್ಲಿ ಮಾತ್ರ ಅವನ ಪಾಲಿಗೆ ಪರಬ್ರಹ್ಮವಾಗಿಯೇ ಉಳಿದಿತ್ತು. ವಸಂತ ಬಂತೆಂದರೆ ಅದರ ಗಂಡು ಇಕ್ಕೆಲಗಳಿಗೂ ಪಚ್ಚೆಯ ಬಣ್ಣ ಬಳಿದುಕೊಂಡು ಹೆಣ್ಣಿಗಾಗಿ ಸೆಣಸಾಡುತ್ತದೆಂದು ಅವನು ಓದಿದ್ದ, ಚಿತ್ರ ನೋಡಿದ್ದ, ಕನಸೂ ಕಂಡಿದ್ದ. ನಿಜವಾದ ಹಲ್ಲಿ ಮಾತ್ರ ಎಷ್ಟು ವಸಂತ ಕಳೆದರೂ ದರ್ಶನ ಕೊಟ್ಟಿರಲಿಲ್ಲ. ಪ್ರತಿ ಭಾನುವಾರ ಸಂಜೆ ಅವನು ಪ್ಯಾಂಟಿನ ತುಂಬ ಮುಳ್ಳು ಚುಚ್ಚಿಸಿಕೊಂಡು ಬರಿಗೈಯಲ್ಲಿ ಮನೆಗೆ ಬರುತ್ತಿದ್ದ.

ಈ ಯಾಗಕ್ಕೆ ವಿಘ್ನ ಬಂದದ್ದು ಅಡುಗೆಮನೆಯ ಕಡೆಯಿಂದ. ಶನಿವಾರ ರಾತ್ರಿ ಊಟವಾದ ಮೇಲೆ, ಪುಳಿಯೋಗರೆಪ್ರವೀಣೆಯೂ ಮಿತಭಾಷಿಣಿಯೂ ಆದ ಅವನ ಹೆಂಡತಿ ಪಂಕಜ ಗೊಜ್ಜು ಕದಡುತ್ತ ತನ್ನ ಶಾಸನವನ್ನು ಹೊರಡಿಸಿದಳು.

"ರೀ, ಕೇಳಿಸ್ಕೊಳ್ಳಿ. ನಾಳೆ ನಾನೂ ಬರ್ತೀನಿ, ಮುಕುಂದನೂ ಬರ್ತಾನೆ. ನಿಮ್ಮ ಹಲ್ಲಿ ಕಾಣಿಸ್ತೋ ಸರಿ, ನಾನು ಇನ್ನೊಂದು ಮಾತಾಡಲ್ಲ. ಕಾಣಿಸ್ಲಿಲ್ವೋ, ಮುಂದಿನ ವಾರದಿಂದ ಭಾನುವಾರ ನನ್ನ ಜೊತೆ ಕನ್ನಡ ಕೂಟದ ಅಂತ್ಯಾಕ್ಷರಿಗೆ ಬರ್ಬೇಕು. ಆ ದುರ್ಬೀನು ಅಟ್ಟ ಸೇರ್ಬೇಕು."

ಅಂತ್ಯಾಕ್ಷರಿ! ಆದರೆ ಶ್ರೀಕಂಠಯ್ಯನ ನಿಜವಾದ ಸಂಕಟ ಅದಾಗಿರಲಿಲ್ಲ. ಗಂಡನಿಗೆ ಹಲ್ಲಿಯ ಹುಚ್ಚು ಎಂದು ಪಂಕಜ ಗೆಳತಿಯರೊಡನೆ ಫೋನಿನಲ್ಲಿ ನಗುವುದನ್ನು ಅವನು ಕೇಳಿಸಿಕೊಂಡಿದ್ದ. ಆ ಬಯಲಲ್ಲಿ ತನ್ನನ್ನು ಕಟ್ಟಿಹಾಕಿದ್ದು ಏನು ಎಂಬುದು ಅವಳಿಗೂ ಗೊತ್ತಾಗಬೇಕು, ಜೀವನದಲ್ಲಿ ಒಮ್ಮೆಯಾದರೂ ಅವಳ ಬಾಯಿಂದ "ಅಬ್ಬಾ" ಎಂಬ ಮಾತು ಬರಬೇಕು ಎಂಬುದೇ ಅವನ ಆಸೆಯಾಗಿತ್ತು. ಹೇಳಿಕೊಳ್ಳಲು ಮಾತ್ರ ನಾಚಿಕೆ.

ಪಂಕಜಳ ತಮ್ಮ ಮುಕುಂದ ರಜೆಗೆಂದು ಮೈಸೂರಿನಿಂದ ಬಂದಿದ್ದ. ಸದಾ ಮೊಬೈಲ್‌ಹಸ್ತನೂ ಪರಿಹಾಸಪಟುವೂ ಆದ ಆ ಭಾಮೈದ ಉರಿಯುವ ಬೆಂಕಿಗೆ ತುಪ್ಪ ಸುರಿದ.

"ಏನ್ ಭಾವ ನೀವು, ಹಲ್ಲಿ ನೋಡೋಕೆ ಇಂಗ್ಲೆಂಡಿಗೆ ಬರ್ಬೇಕಿತ್ತಾ? ಹೇಳಿದ್ರೆ ನಮ್ಮನೆ ಗೋಡೆಯಿಂದ ನಾಲ್ಕು ಕಳಿಸ್ಕೊಡ್ತಿದ್ದೆ."

ಹರೆಯದಲ್ಲಿ ಊರಿನ ಪೌರಾಣಿಕ ನಾಟಕಗಳಲ್ಲಿ ಗದೆ ಹಿಡಿದಿದ್ದ ಶ್ರೀಕಂಠಯ್ಯನಿಗೆ ರೋಷ ಬಂದರೆ ರಂಗದ ಮಾತೇ ಬರುತ್ತಿತ್ತು. ಊಟದ ಮೇಜಿನಿಂದ ಎದ್ದುನಿಂತು, ಮಜ್ಜಿಗೆಯ ಲೋಟವನ್ನೇ ಗದೆಯಂತೆ ಎತ್ತಿ ಗರ್ಜಿಸಿದ:

"ಎಲವೋ ಭಾಮೈದನೇ, ಚೆನ್ನಾಗಿ ಕೇಳುವಂಥವನಾಗು! ನಾಳಿನ ಸೂರ್ಯನು ನಡುನೆತ್ತಿಗೆ ಏರುವುದರೊಳಗಾಗಿ ಆ ಹರಿದ್ವರ್ಣದ ವೀರನನ್ನು ನಿನ್ನ ಅಕ್ಕನ ಪಾದದ ಬಳಿಗೆ ತಂದು ನಿಲ್ಲಿಸದೇ ಹೋದೆನಾದರೆ, ನಾನು ನಂಜನಗೂಡಿನ ಶಿವರಾಮಯ್ಯನವರ ಮಗನೇ ಅಲ್ಲವೆಂದು ತಿಳಿ!"

"ಮೊದಲು ಲೋಟ ಕೆಳಗಿಡಿ, ಮಜ್ಜಿಗೆ ಚೆಲ್ತಿದೆ," ಎಂದಳು ಪಂಕಜ.

ಬೆಳಗಾಯಿತು. ಪುಳಿಯೋಗರೆಯ ಡಬ್ಬಿ, ಕಾಫಿಯ ಫ್ಲಾಸ್ಕು, ಮಡಚುವ ಕುರ್ಚಿ, ಕೊಡೆ ಇವೇ ಮುಂತಾದ ಚತುರಂಗ ಬಲದೊಡನೆ ಕಾರೆಂಬ ರಥವು ಬಯಲಿನಂಚಿಗೆ ಬಂದು ನಿಂತಿತು. ಕಣ್ಣು ಹರಿಯುವಷ್ಟು ದೂರ ಕಂದುಬಣ್ಣದ ಕುರುಚಲು, ನಡುನಡುವೆ ಹಳದಿ ಹೂ ಬಿಟ್ಟ ಮುಳ್ಳುಪೊದೆ, ಅಲ್ಲಲ್ಲಿ ಬಿಳಿಮರಳಿನ ದಾರಿ. ಸೇನಾನಿಯಾದ ಶ್ರೀಕಂಠಯ್ಯ ದಳವನ್ನು ನಿಲ್ಲಿಸಿ ಯುದ್ಧನೀತಿಯನ್ನು ಬೋಧಿಸಿದ.

"ಸದ್ದು ಮಾಡ್ಬಾರ್ದು. ನಾವು ಹೆಜ್ಜೆ ಇಡೋದು ಅವಕ್ಕೆ ನೆಲದಲ್ಲೇ ಗೊತ್ತಾಗುತ್ತೆ. ಬೆಕ್ಕಿನ ಥರ ನಡೀಬೇಕು. ಮುಕುಂದ, ಮೊಬೈಲ್ ಆಫ್ ಮಾಡಿ ಜೇಬಿಗೆ ಹಾಕು."

"ಫೋಟೋ ತೆಗೀಬೇಡ್ವಾ?"

"ಬೇಡ. ಕಣ್ಣಿದೆಯಲ್ಲ, ಸಾಕು."

ಆಮೇಲೆ ಹೆಂಡತಿಯ ಕೈ ಹಿಡಿದು, ಗಾಜಿನ ಬಳೆಗಳು ಘಲ್ಲೆನ್ನದಂತೆ ತನ್ನ ಕರವಸ್ತ್ರವನ್ನು ಸುತ್ತಿ ಗಂಟು ಹಾಕಿದ. ಇಷ್ಟೊಂದು ಜತನದಿಂದ ಇವರು ತನ್ನ ಕೈ ಹಿಡಿದು ಎಷ್ಟು ಕಾಲವಾಯಿತೋ ಎಂದುಕೊಂಡು ಪಂಕಜ ಆ ಗಂಟನ್ನೇ ನೋಡಿದಳು.

ಮೊದಲ ಮುಖಾಮುಖಿ ಮರದ ಬೇಲಿಯ ಬಳಿ ಆಯಿತು. ಬೇಲಿಯ ಅಡ್ಡಪಟ್ಟಿಯ ಮೇಲೆ, ಮರದ ಬಣ್ಣಕ್ಕೆ ಬಣ್ಣ ಸೇರಿಸಿಕೊಂಡು, ಕಂದುಬಣ್ಣದ ಸಾಮಾನ್ಯ ಹಲ್ಲಿಯೊಂದು ಬಿಸಿಲಿಗೆ ಮೈ ಚಪ್ಪಟೆ ಮಾಡಿಕೊಂಡು ಮಲಗಿತ್ತು. ಶ್ರೀಕಂಠಯ್ಯ ಕೈಸನ್ನೆ ಮಾಡಿ ತೋರಿಸಿದ.

"ಇದಕ್ಕಾ ಭಾವ ಇಷ್ಟು ದೂರ ಪೆಟ್ರೋಲ್ ಸುಟ್ಕೊಂಡು ಬಂದಿದ್ದು? ನಮ್ಮ ಬಚ್ಚಲಲ್ಲಿ ಇದರಪ್ಪ ಇದಾನೆ," ಎಂದ ಮುಕುಂದ. ಹಲ್ಲಿಗೆ ಅವಮಾನವಾಯಿತೋ ಏನೋ, ಬೇಲಿಯ ಹಿಂದೆ ಜಾರಿ ಮರೆಯಾಯಿತು.

ಎರಡನೆಯ ಪ್ರಸಂಗದಲ್ಲಿ ಪರಿಹಾಸಪಟುವಿನ ಗರ್ವಭಂಗವಾಯಿತು. ದಾರಿಯ ಅಂಚಿನಲ್ಲಿ ತಾಮ್ರದ ಸರಿಗೆಯಂತೆ ಹೊಳೆಯುವ ಉದ್ದನೆಯ ಪ್ರಾಣಿಯೊಂದು ಸರಿದುಹೋಗುತ್ತಿತ್ತು. ಅದನ್ನು ಕಂಡದ್ದೇ ಮುಕುಂದ ನಿಂತಲ್ಲಿಂದಲೇ ಹಾರಿ ಅಕ್ಕನ ಬೆನ್ನ ಹಿಂದೆ ಅಡಗಿದ.

"ಹಾವು! ಭಾವ, ಹಾವು!"

"ಹಾವಲ್ವೋ, ಕಾಲಿಲ್ಲದ ಹಲ್ಲಿ ಅದು. ನೋಡು, ಕಣ್ಣು ಮಿಟುಕಿಸ್ತಿದೆ. ಹಾವು ಎಲ್ಲಾದ್ರೂ ಕಣ್ಣು ಮಿಟುಕಿಸುತ್ತಾ?"

ಪಂಕಜ ಬಗ್ಗಿ ನೋಡಿದಳು. ಅದು ನಿಜವಾಗಿಯೂ ಕಣ್ಣು ಮಿಟುಕಿಸಿತು. "ಹೌದಲ್ರೀ, ಪಾಪ," ಎಂದಳು. "ಪಾಪ"ಕ್ಕೂ "ಅಬ್ಬಾ"ಕ್ಕೂ ಇನ್ನೂ ಬಹಳ ದೂರವಿದೆ ಎಂದು ಶ್ರೀಕಂಠಯ್ಯನಿಗೆ ಗೊತ್ತಿತ್ತು.

ಅಲ್ಲಿಂದ ಮುಂದೆ ಬರಗಾಲ. ಪೊದೆಯಿಂದ ಪೊದೆಗೆ, ದಿಬ್ಬದಿಂದ ದಿಬ್ಬಕ್ಕೆ, ಬಾಗುತ್ತ ಏಳುತ್ತ ತೆವಳುತ್ತ ನಮ್ಮ ನಾಯಕನು ಬಯಲನ್ನೆಲ್ಲ ಜಾಲಾಡಿದ. ಮರಳಿತ್ತು, ಇರುವೆಗಳಿದ್ದವು, ಹಲ್ಲಿಯಿರಲಿಲ್ಲ. ಸೂರ್ಯ ನೆತ್ತಿಗೆ ಹತ್ತಿರವಾದ. ಪಡುವಣದಲ್ಲಿ ಮೋಡಗಳು ಬೆಳಗ್ಗೆ ಕೊಟ್ಟ ಅಪ್ಪಣೆಯನ್ನು ವಾಪಸು ಪಡೆಯುವ ಸಿದ್ಧತೆಯಲ್ಲಿದ್ದವು. "ಹೊಟ್ಟೆ ಹಸೀತಿದೆ ರೀ," ಎಂದಳು ಪಂಕಜ. ಮುಕುಂದನಂತೂ ಅಂತ್ಯಾಕ್ಷರಿಗೆ ಯಾವ ಹಾಡು ಅಭ್ಯಾಸ ಮಾಡ್ತೀರಿ ಎಂದು ಕೇಳಲು ಶುರುಮಾಡಿದ್ದ.

ಆಗ ಕಂಡಿತು ಆ ತಗಡು. ಹಲ್ಲಿ, ಹಾವುಗಳು ಬೆಚ್ಚಗೆ ಮಲಗಲೆಂದು ಅಲ್ಲಿಯ ಪ್ರಾಣಿಪ್ರಿಯರು ಬಯಲಲ್ಲಿ ಅಲ್ಲಲ್ಲಿ ತಗಡಿನ ಹಾಳೆ ಹಾಸಿರುತ್ತಾರೆ. ಅದರ ಮೇಲೆ ಎತ್ತಬೇಡಿ ಎಂದು ಬಣ್ಣದಲ್ಲಿ ಬರೆದಿತ್ತು. ಶ್ರೀಕಂಠಯ್ಯ ನೇಮನಿಷ್ಠೆಯವನು, ಎತ್ತಲಿಲ್ಲ. ಪಕ್ಕದಲ್ಲಿ ಮಂಡಿಯೂರಿ ಕುಳಿತು ಉಸಿರು ಬಿಗಿಹಿಡಿದು ನೋಡಿದ. ಮರಳಿನಲ್ಲಿ ಪುಟ್ಟ ಪುಟ್ಟ ಕಾಲಿನ ಗುರುತು, ನಡುವೆ ಬಾಲ ಎಳೆದ ಗೆರೆ. ಗುರುತು ತಗಡಿನಡಿಗೆ ಹೋಗಿತ್ತು, ಹೊರಗೆ ಬಂದಿರಲಿಲ್ಲ.

"ಇಲ್ಲೇ ಇದೆ ಕಣೇ," ಎಂದು ಪಿಸುಗುಟ್ಟಿದ. "ಇವತ್ತು ಕಾಣಿಸಿಯೇ ಕಾಣಿಸುತ್ತೆ."

ಆ ಮಾತು ಮುಗಿಯುವುದಕ್ಕೂ, ಹಿಂದಿನ ಮುಳ್ಳುಪೊದೆಯಿಂದ "ಲೊಚ್ ಲೊಚ್ ಲೊಚ್" ಎಂದು ಸದ್ದು ಬರುವುದಕ್ಕೂ ಸರಿಹೋಯಿತು.

ಅಯ್ಯೋ ವಿಧಿಯೇ! ಅದು ಆ ಸೀಮೆಯ ಒಂದು ಪುಟ್ಟ ಹಕ್ಕಿ. ಕಲ್ಲಿಗೆ ಕಲ್ಲು ತಾಗಿಸಿದಂತೆ ಕೂಗುವುದು ಅದರ ಜಾಯಮಾನ. ಶ್ರೀಕಂಠಯ್ಯನಿಗೆ ಅದು ಗೊತ್ತಿತ್ತು. ಆದರೆ ಅವನ ಕೈಗೆ ಗೊತ್ತಿರಲಿಲ್ಲ. ಆಡಿದ ಮಾತಿಗೆ ಹಲ್ಲಿ ಲೊಚಗುಟ್ಟಿದರೆ ಮಾತು ನಿಜವಾಗುತ್ತದೆ, ಕೂಡಲೇ ಕಣ್ಣು ಮುಚ್ಚಿ ನೆಲ ಕುಟ್ಟಿ ದೇವರ ಹೆಸರು ಹೇಳಬೇಕು ಎಂದು ಅಜ್ಜಿ ತೊಡೆಯ ಮೇಲೆ ಕೂರಿಸಿಕೊಂಡು ಕಲಿಸಿದ್ದಳು. ಗುಳಿಗೆ ಎಣಿಸಿ ಎಣಿಸಿ ನುರಿತ ಆ ಬಲಗೈ ಒಡೆಯನ ಅಪ್ಪಣೆಗೂ ಕಾಯದೆ ತಾನಾಗಿಯೇ ಮೇಲೆದ್ದಿತು, ಕಣ್ಣುಗಳು ಭಕ್ತಿಯಿಂದ ಮುಚ್ಚಿಕೊಂಡವು, ಬೆರಳಗಂಟುಗಳು ಹತ್ತಿರವಿದ್ದದ್ದರ ಮೇಲೆ ಬಲವಾಗಿ ಬಿದ್ದವು.

"ಕೃಷ್ಣ ಕೃಷ್ಣ ಕೃಷ್ಣ!"

ಢಣ್! ಢಣ್! ಢಣ್! ಹತ್ತಿರವಿದ್ದದ್ದು ತಗಡು. ರಣಭೇರಿಯ ಆ ಘೋಷಕ್ಕೆ ದಿಕ್ಕುದಿಕ್ಕುಗಳು ಮೊಳಗಿದವು, ಮೊಲಗಳು ಬಿಲ ಸೇರಿದವು, ದೂರದಲ್ಲಿ ಯಾರದೋ ನಾಯಿ ಬೊಗಳಿತು. ಶ್ರೀಕಂಠಯ್ಯನ ಕಣ್ಣು ಮುಚ್ಚಿಯೇ ಇತ್ತು. ಆ ಕತ್ತಲೆಯಲ್ಲಿ ಅವನಿಗೆ ಹೆಂಡತಿಯ ದನಿ ಕೇಳಿಸಿತು.

"ಅಬ್ಬಾ!"

ಕಣ್ಣು ಬಿಟ್ಟಾಗ ಎದುರಿಗೆ ಮರಳಿತ್ತು, ತಗಡಿತ್ತು, ಪಂಕಜಳ ಕ್ಯಾನ್ವಾಸ್ ಶೂ ಇತ್ತು, ಅವಳ ತೆರೆದ ಬಾಯಿ ಇತ್ತು. ಬೇರೇನೂ ಇರಲಿಲ್ಲ.

"ನೋಡಿದ್ರಾ ರೀ? ತಗಡಿನಡಿಯಿಂದ ಚಂಗನೆ ಬಂದು ನನ್ನ ಶೂ ಮೇಲೇ ಹತ್ತಿ ಕೂತ್ಬಿಡ್ತು! ತಲೆ ಎತ್ತಿ ನನ್ನೇ ನೋಡ್ತು! ಎಂಥ ಹಸಿರು ರೀ!"

"ಸೂಪರ್ ಭಾವ!" ಎಂದ ಮುಕುಂದ. ಅವನ ದನಿಯಲ್ಲಿ ಪರಿಹಾಸ ಉಳಿದಿರಲಿಲ್ಲ. "ಛೆ, ಮೊಬೈಲ್ ಆನ್ ಇರ್ಬೇಕಿತ್ತು."

ಶ್ರೀಕಂಠಯ್ಯ ಮರಳಿನ ಮೇಲೆ ಕುಸಿದು ಕುಳಿತ. ಅವನ ಹೊಟ್ಟೆ ಉರಿಯಿತು. ಇಷ್ಟು ವಸಂತ ಕಾದದ್ದು ಅವನು, ಮುಳ್ಳು ಚುಚ್ಚಿಸಿಕೊಂಡದ್ದು ಅವನು, ದರ್ಶನವಾದದ್ದು ಉಳಿದವರಿಗೆ.

"ನಾನು ನೋಡ್ಲಿಲ್ಲ ಕಣೇ," ಎಂದ. "ಕಣ್ಣು ಮುಚ್ಕೊಂಡಿದ್ದೆ."

ಪಂಕಜ ಮೊದಲು ನಕ್ಕಳು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಅವನ ಮುಖ ನೋಡಿ ನಗು ನಿಲ್ಲಿಸಿ, ಸೀರೆಯ ನಿರಿಗೆ ಒತ್ತಿಕೊಂಡು ಅವನ ಪಕ್ಕದಲ್ಲೇ ಮರಳಿನ ಮೇಲೆ ಕುಳಿತಳು. "ಅಂತ್ಯಾಕ್ಷರಿ ಹೋಗ್ಲಿ ಬಿಡಿ. ಮುಂದಿನ ವಾರ ಇಬ್ರೂ ಬರೋಣ. ನಿಮ್ಮ ಕೈ ನಾನು ಹಿಡ್ಕೊಂಡಿರ್ತೀನಿ."

ಶ್ರೀಕಂಠಯ್ಯನ ಉರಿ ಅರ್ಧ ಇಳಿಯಿತು. ಉಳಿದರ್ಧಕ್ಕಾಗಿ ಅವನು ಅವಳನ್ನು ಕೇಳತೊಡಗಿದ. ಹಸಿರು ಎಂಥ ಹಸಿರು? ಬೆನ್ನಿನ ಮೇಲೆ ಚುಕ್ಕೆಗಳಿದ್ದವೆ? ಗಂಟಲು ಮಿಡಿಯುತ್ತಿತ್ತೆ? ಕಾಲ್ಬೆರಳುಗಳು ಹೇಗಿದ್ದವು? ಎಲ್ಲವೂ ಪುಸ್ತಕದಲ್ಲಿ ಓದಿ ಅವನಿಗೆ ಬಾಯಿಪಾಠವಾಗಿತ್ತು. ಆದರೂ ಅವಳು ಹೇಳಿದ ಒಂದೊಂದು ಮಾತನ್ನೂ ಮೊದಲ ಸಲ ಕೇಳುವವನ ಹಾಗೆ ಕೇಳಿದ, ಕೆಲವನ್ನು ಎರಡೆರಡು ಸಲ ಹೇಳಿಸಿಕೊಂಡ. ಮುಕುಂದ ಪುಳಿಯೋಗರೆಯ ಡಬ್ಬಿ ಬಿಚ್ಚಿ ತನ್ನ ಪಾಡಿಗೆ ತಿನ್ನುತ್ತಿದ್ದ.

"ಮತ್ತೆ," ಎಂದು ಕೊನೆಗೆ ಆ ದುರ್ಬೀನುಕಂಠಾಭರಣನು ಗಂಭೀರವಾಗಿ ಕೇಳಿದ, "ಆ ವೀರ ಎಷ್ಟು ದೊಡ್ಡವನಿದ್ದ?"

ಪಂಕಜ ತನ್ನ ಅಂಗೈಯನ್ನು ಮುಂದೆ ಹಿಡಿದು, ನಡುಬೆರಳಿನ ತುದಿಯಿಂದ ಮಣಿಕಟ್ಟಿನವರೆಗೆ ನೋಡಿ, ಚೆನ್ನಾಗಿ ಯೋಚಿಸಿ ಹೇಳಿದಳು.

"ಒಂದು ಬೆಂಡೆಕಾಯಿಯಷ್ಟು ಇದ್ದ ರೀ. ಎಳೇದಲ್ಲ, ಸ್ವಲ್ಪ ಬಲಿತಿದ್ದು."