ಸ್ವಾತಿ ನಕ್ಷತ್ರದ ಮಣಿ

ನಾಯಿಯ ಆಪರೇಷನ್ನಿಗೆ ಅಂತ ಕೈಚಾಚಿಕೊಂಡು ಚೆನ್ನೈ ಸುತ್ತುವವರಿಗೆ ದಿನಕ್ಕೊಂದು ತಮಾಷೆ ಎದುರಾಗಿಯೇ ಆಗುತ್ತದೆ. ನುಂಗಂಬಾಕ್ಕಂನ ವಿಮಾ ಕಚೇರಿಯಿಂದ ನಿವೃತ್ತಳಾದ ಮೇಲೆ ನನಗೆ ಇದೇ ಕೆಲಸ. ಊರಾಚೆಯ ಪ್ರಾಣಿಧಾಮದ ಮೇಲ್ವಿಚಾರಕಿ, "ಪಾಲಿಸಿ ಮಾರಿದವರಿಗೆ ನಾಚಿಕೆ ಇರಲ್ಲ, ನೀವೇ ಸರಿ" ಅಂತ ನನ್ನನ್ನು ಆರಿಸಿದರು. ಹೊಗಳಿದರೋ ಬೈದರೋ ಇನ್ನೂ ತಿಳಿದಿಲ್ಲ.

ಇಲ್ಲಿ ಹೇಳುವುದೆಲ್ಲ ಮಣಿಯ ಸಂಗತಿ. ಕಂದು ಬಣ್ಣದ ಬೀದಿನಾಯಿ. ಯಾರದೋ ಕಾರು ಸೊಂಟದ ಮೇಲೆ ಹತ್ತಿತ್ತು. ಮೂಳೆಯ ತಜ್ಞರೇ ಆಪರೇಷನ್ ಮಾಡಬೇಕು, ಅದೂ ಬೇಗ ಆಗಬೇಕು ಅಂತ ಧಾಮದ ಡಾಕ್ಟರು ಅಂದಿದ್ದರು. ಧಾಮದ ಹತ್ತಿರ ಅಷ್ಟು ದುಡ್ಡಿರಲಿಲ್ಲ.

ಅಳುವ ಫೋಟೋ

ಪೆರುಂಗುಡಿಯ ಒಂದು ಐಟಿ ಕಚೇರಿಯವರು, ಮಣಿಯ ಫೋಟೋ ಕಳಿಸಿದರೆ ಎಲ್ಲರಿಗೂ ತೋರಿಸಿ ದುಡ್ಡು ಕೂಡಿಸುತ್ತೇವೆ ಅಂದರು. ಕಳಿಸಿದೆ. ಅಲ್ಲಿಯ ಕನ್ನಡದ ಹುಡುಗಿ ಫೋನ್ ಮಾಡಿದಳು.

"ಆಂಟಿ, ಇವನು ತುಂಬ ಹ್ಯಾಪಿಯಾಗಿದಾನೆ. ಸ್ಯಾಡಾಗಿರೋದು ಒಂದು ಇಲ್ವಾ?"

ಎಲ್ಲಿಂದ ತರಲಿ? ಮಣಿ ಯಾರನ್ನು ಕಂಡರೂ ಮುಂಗಾಲಲ್ಲೇ ತೆವಳಿಕೊಂಡು ಬಂದು ಹಲ್ಲು ಕಿರಿಯುತ್ತಿದ್ದ. ಗದರಿಸಿದರೆ ಕೈ ನೆಕ್ಕುತ್ತಿದ್ದ. ಕೊನೆಗೆ ಬಿಸ್ಕತ್ತು ತೋರಿಸಿ ಸೆರಗಿನೊಳಗೆ ಬಚ್ಚಿಟ್ಟೆ. ಆಗ ಬಂತು ನೋಡಿ, ಆ ಮುಖ! ಆ ಫೋಟೋ ನೋಡಿ ಕಚೇರಿಯಲ್ಲಿ ಎಷ್ಟೋ ಜನ ಕಣ್ಣೊರೆಸಿಕೊಂಡರಂತೆ. ಸೊಂಟ ಮುರಿದಿದ್ದಕ್ಕೆ ಸಪ್ಪಗಾಗದ ನಾಯಿ ಬಿಸ್ಕತ್ತಿಗೆ ಸಪ್ಪಗಾಗಿತ್ತು.

ಯಾರ ಹೆಸರಿಗೆ?

ದುಡ್ಡು ಅರ್ಧ ಕೂಡಿದಾಗ ನಮ್ಮ ಬೀದಿಯ ಶಿವನ ಗುಡಿಗೆ ಹೋದೆ. ಅರ್ಚನೆಯ ತಟ್ಟೆ ಹಿಡಿದು ಅಲ್ಲಿಯ ಪೂಜಾರಿ ಗುರುಕ್ಕಳು ತಮಿಳಿನಲ್ಲಿ ಕೇಳಿದರು. "ಯಾರ ಹೆಸರಿಗಮ್ಮಾ?"

"ಮಣಿ."

"ನಕ್ಷತ್ರ?"

ಬೀದಿಯಲ್ಲಿ ಹುಟ್ಟಿದವನಿಗೆ ಯಾವ ನಕ್ಷತ್ರ! ನನ್ನದೇ ಹೇಳಿಬಿಟ್ಟೆ, ಸ್ವಾತಿ. ಗೋತ್ರಕ್ಕೆ ತಡವರಿಸಿದೆ. "ಗೊತ್ತಿಲ್ಲದಿದ್ದರೆ ಶಿವಗೋತ್ರ" ಅಂತ ಅವರೇ ದಾರಿ ತೋರಿಸಿದರು. ಸೊಂಟದ ಆಪರೇಷನ್ ಅಂದಾಗ ತಲೆಯಾಡಿಸಿದರು.

"ವಯಸ್ಸಾದ ಮೇಲೆ ಸೊಂಟ ಮುರಿದರೆ ಕಷ್ಟ. ಬಾತ್‌ರೂಮಲ್ಲಿ ಜಾರಿದರಾ?"

ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. "ಅವರಿಗೆ ಕೋಲು ಹಿಡಿದು ನಡೆಯೋಕೆ ಹೇಳಿ" ಅಂತ ವಿಭೂತಿ ಕೊಟ್ಟರು.

ಮೊಸರನ್ನ

ಕೀಲ್ಪಾಕ್‌ನಲ್ಲಿ ನಮ್ಮ ಕಡೆಯವರೇ ಒಬ್ಬ ಹಿರಿಯಾಕೆ ಇದ್ದಾರೆ, ದೊಡ್ಡ ಕೈ. ಅವರ ಯಜಮಾನರ ತಿಥಿ ಹತ್ತಿರ ಬಂದಿತ್ತು. ಹೋಗಿ ಕೇಳಿದೆ.

"ನೋಡಮ್ಮಾ, ಆಪರೇಷನ್ನಿಗೆ ಕೊಟ್ರೆ ಪುಣ್ಯ ಎಲ್ಲಾ ಡಾಕ್ಟರಿಗೆ ಪೋಯಿಡುಂ, ಹೊರಟುಹೋಗತ್ತೆ. ಅನ್ನ ಹಾಕಿದ್ರೆ ನೇರಾ ನಮ್ಮನೆಯವರಿಗೆ ಸೇರತ್ತೆ" ಅಂದರು.

ಮಾರನೆಯ ದಿನವೇ ಧಾಮಕ್ಕೆ ಹಂಡೆಗಟ್ಟಲೆ ಮೊಸರನ್ನ ಬಂತು. ಅವರ ಬಳಗಕ್ಕೂ ಸುದ್ದಿ ಹಬ್ಬಿತು. ಮೊಮ್ಮಗನ ಹುಟ್ಟುಹಬ್ಬಕ್ಕೆ ಮೊಸರನ್ನ, ಸೊಸೆಗೆ ವೀಸಾ ಸಿಕ್ಕಿದ್ದಕ್ಕೆ ಮೊಸರನ್ನ. ಬಂದವರೆಲ್ಲ ನಡೆಯಲಾರದ ಮಣಿಯ ಮುಂದೆಯೇ ಕೂತು, ಪಾಪ ಪಾಪ ಅಂತ ತಿನ್ನಿಸಿದರು. ಅಂತೂ ಉಳಿದ ದುಡ್ಡನ್ನೂ ಹೇಗೋ ಹೊಂದಿಸಿ ಅವನನ್ನು ತಜ್ಞರ ಬಳಿ ಒಯ್ದರೆ, ಅವರು ತಕ್ಕಡಿ ನೋಡಿ ಹೌಹಾರಿದರು. ಇಷ್ಟು ಕೊಬ್ಬಿದ ನಾಯಿಗೆ ಅರಿವಳಿಕೆ ಕೊಡಲು ಭಯ, ಮೊದಲು ತೂಕ ಇಳಿಸಿ ಅಂದರು.

ನನಗೆ ಸಿಟ್ಟು ನೆತ್ತಿಗೇರಿತು. ಹಿರಿಯಾಕೆಗೆ ಫೋನ್ ಮಾಡಿ, ಮಣಿ ಪಥ್ಯದಲ್ಲಿದ್ದಾನೆ, ಇನ್ನು ಅನ್ನ ಕಳಿಸಬೇಡಿ ಅಂದೆ.

"ಉಪವಾಸಾನಾ? ಅಯ್ಯೋ, ಎಂಥಾ ಪುಣ್ಯಾತ್ಮ!" ಅಂದರು. ಸಂಜೆಗೆ ಅವನ ಫಲಾಹಾರಕ್ಕೆ ಒಂದು ಗೊನೆ ಬಾಳೆಹಣ್ಣು ಬಂತು.

ಪ್ರಸಾದ

ಮಣಿಯ ತೂಕ ಇಳಿಯಿತು. ಪಥ್ಯ ಹಿಡಿಯಿತು ಅಂತ ನಾವೆಲ್ಲ ಹಿಗ್ಗಿದೆವು. ಆದರೆ ಮುರಿದ ಸೊಂಟದಿಂದ ಮೂತ್ರ ಕಟ್ಟಿ, ಒಳಗೊಳಗೇ ಸೋಂಕು ಏರುತ್ತಿತ್ತು. ಆಪರೇಷನ್ನಿಗೆ ಗೊತ್ತು ಮಾಡಿದ್ದ ವಾರವೇ ನನ್ನ ಮಡಿಲಲ್ಲಿ ಹೋದ. ಸೆರಗಿನಲ್ಲಿ ಬಿಸ್ಕತ್ತಿತ್ತು. ಮೂಸಿಯೂ ನೋಡಲಿಲ್ಲ. ಆ ಫೋಟೋಕ್ಕಾಗಿ ಅವನಿಗೆ ಒಂದು ಗಳಿಗೆ ಬಿಸ್ಕತ್ತು ತಪ್ಪಿಸಿದ್ದು ನೆನಪಾಗಿ, ಎಷ್ಟು ಅತ್ತೆನೋ ನನಗೇ ಗೊತ್ತಿಲ್ಲ.

ಕೆಲವು ದಿನ ಗುಡಿಯ ಕಡೆ ತಲೆ ಹಾಕಲಿಲ್ಲ. ಆಮೇಲೆ ಹೋದರೆ ಗುರುಕ್ಕಳು ನೋಡಿದ ತಕ್ಷಣ, "ಮಣಿ ಐಯಾ ನಡೀತಾರಾ?" ಅಂದರು.

"ತೀರಿಹೋದ."

"ಅಯ್ಯೋ. ವಯಸ್ಸು ಎಷ್ಟಾಗಿತ್ತು?"

"ಆರಿರಬಹುದು."

ಅವರು ತಟ್ಟೆ ಕೆಳಗಿಟ್ಟರು. "ಆರಾ? ಮಗುವಾ? ಸೊಂಟ ಹೇಗೆ ಮುರೀತು?"

"ಕಾರು ಹತ್ತಿತು. ನಿಲ್ಲಿಸದೆ ಹೋದರು."

"ಹೆತ್ತವರು?"

"ಗೊತ್ತಿಲ್ಲ. ಬೀದಿಯಲ್ಲೇ ಬೆಳೆದವನು."

ಗುರುಕ್ಕಳು ಉತ್ತರೀಯದಿಂದ ಕಣ್ಣೊತ್ತಿಕೊಂಡರು. ಹಿಂದೆ ನಿಂತಿದ್ದ ಹೆಂಗಸರೂ ಸೊರಸೊರ ಮೂಗೆಳೆಯತೊಡಗಿದರು. ಒಬ್ಬಾಕೆ ಪೊಲೀಸರಿಗೆ ಹೇಳೋಣ ಅಂತ ಫೋನ್ ತೆಗೆದಳು. ಇನ್ನು ತಡೆಯಲಾಗಲಿಲ್ಲ.

"ಸ್ವಾಮೀ, ಮಣಿ ನಾಯಿ."

ಫೋನ್ ತೆಗೆದಾಕೆ ಅದನ್ನು ಮೆಲ್ಲಗೆ ಚೀಲದೊಳಗಿಟ್ಟಳು. ಬೈಗುಳಕ್ಕೆ ತಯಾರಾಗಿ ತಲೆ ತಗ್ಗಿಸಿದೆ. ಗುರುಕ್ಕಳು ಒರೆಸಿಕೊಂಡ ಕಣ್ಣನ್ನೇ ಇನ್ನೊಮ್ಮೆ ಒರೆಸಿಕೊಂಡರು.

"ಅಲ್ಲಿ ಇನ್ನೂ ಯಾರಾದರೂ ಹುಷಾರಿಲ್ಲದವರು ಇದ್ದಾರಾ?"

"ಒಂದು ಬೆಕ್ಕಿದೆ. ಕಣ್ಣಿನ ಆಪರೇಷನ್. ಮಣಿಯ ದುಡ್ಡು ಅದಕ್ಕೇ ಇಟ್ಟಿದ್ದೇವೆ."

ತಟ್ಟೆ ಎತ್ತಿಕೊಂಡರು. "ಹೆಸರು?"

"ಲಕ್ಷ್ಮಿ."

ನಕ್ಷತ್ರ ಕೇಳುತ್ತಾರೆ ಅಂತ ಬಾಯಿ ತೆರೆದೆ. ಅವರೇ ಕೈ ಅಡ್ಡ ಹಿಡಿದು, "ಸ್ವಾತಿ, ಶಿವಗೋತ್ರ. ನನಗೆ ಗೊತ್ತು" ಅಂತ ಒಳಗೆ ನಡೆದರು.

ಹೊರಗೆ ಬಂದು ನನ್ನ ಕೈಯಲ್ಲಿ ದೊನ್ನೆ ಇಟ್ಟು, "ಲಕ್ಷ್ಮಿಗೆ ನೀವೇ ಕೈಯಾರೆ ತಿನ್ನಿಸಿ, ಮಿಗಿಸಬಾರದು" ಅಂದರು.

ನೋಡಿದರೆ, ಮೊಸರನ್ನ.

ಅಲ್ಲೇ ಕಂಬಕ್ಕೊರಗಿ ಕೂತು, ಅಳುತ್ತಾ ನಗುತ್ತಾ, ಲಕ್ಷ್ಮಿಯ ಪಾಲನ್ನೆಲ್ಲ ನಾನೇ ತಿಂದು ಮುಗಿಸಿದೆ.